ಹಗೇವಿನೊಳಗಿನ ಗ್ಯಾಸು

ನವಲಗುಂದ ತಾಲೂಕಿನ ಯರಿಮಡ್ಡಿಯಲ್ಲಿ ಹೆಂಡತಿಗೆ ಬಂದ ಮೀಟಿಂಗಿಗೆ ಗಂಡ ಹೋಗುವುದು ತಪ್ಪೂ ಅಲ್ಲ, ಸುದ್ದಿಯೂ ಅಲ್ಲ. ಅಲ್ಲಿ ಸದಸ್ಯೆಯ ಗಂಡ ಸದಸ್ಯನಂತೆ ಕೆಮ್ಮುತ್ತಾನೆ, ಅಧ್ಯಕ್ಷೆಯ ಗಂಡ ಅಧ್ಯಕ್ಷನಂತೆ ಕಾಲ ಮೇಲೆ ಕಾಲು ಹಾಕುತ್ತಾನೆ. ಹಾಗಿರುವಾಗ ಕಸದ ಗಾಡಿ ಓಡಿಸುವ ಕೆಂಚವ್ವನ ಗಂಡ ಅಮೋಘಸಿದ್ದಪ್ಪ ಒಬ್ಬನೇ ಯಾಕೆ ಮನೆಯಲ್ಲಿ ಕೂತಿರಬೇಕು?

ಕೆಂಚವ್ವ ಮಹಿಳಾ ಸಂಘದ ಮುಂದಾಳು. ಅವಳೂ ಇನ್ನು ನಾಲ್ವರು ಹೆಂಗಸರೂ ಪಂಚಾಯ್ತಿಯ ಗಾಡಿಯಲ್ಲಿ ಮನೆಮನೆಯ ಕಸ ಎತ್ತುತ್ತಿದ್ದರು. ಕೆಲಸ ಹಂಗಾಮಿ, ಇವತ್ತು ಇದ್ದು ನಾಳೆ ಇಲ್ಲ ಎನ್ನುವಂಥದು. ಅಮೋಘಸಿದ್ದಪ್ಪನಿಗೋ ಒಂದಿಷ್ಟು ಹತ್ತಿಯ ಹೊಲ, ಎರಡು ಎಮ್ಮೆ, ಮತ್ತು ಯಾವ ಮಾತು ಬಂದರೂ "ಗೊತ್ತೈತಿ ಬಿಡ್ರಿ" ಎನ್ನುವ ಬಾಯಿ ಇದ್ದವು. ಹೊಲಕ್ಕೆ ಮಳೆ ಬೇಕು, ಎಮ್ಮೆಗೆ ಹೊಟ್ಟು ಬೇಕು. ಬಾಯಿಗೆ ಏನೂ ಬೇಕಾಗಿರಲಿಲ್ಲ, ತಾನಾಗಿಯೇ ನಡೆಯುತ್ತಿತ್ತು.

ಮೀಟಿಂಗು ತಾಲೂಕಿನ ಊರಲ್ಲಿತ್ತು. ಕೆಂಚವ್ವ ಅವತ್ತು ಗಾಡಿಯ ಮೇಲೆ. ಹೆಂಡತಿಯ ಕುರ್ಚಿ ಖಾಲಿ ಉಳಿದರೆ ಸರ್ಕಾರಕ್ಕೆ ಅವಮಾನವಾದೀತೆಂದು ಅಮೋಘಸಿದ್ದಪ್ಪ ಬಿಳಿ ಅಂಗಿ ತೊಟ್ಟು ಹೋಗಿ ಕೂತ. ಜಿಲ್ಲೆಯಿಂದ ಬಂದಿದ್ದ ಕಸದ ಇಂಜಿನಿಯರು ಅರುಣಾ ಮೇಡಂ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸುತ್ತಿದ್ದಳು. ಮೊದಲ ಚಿತ್ರ ಅವನಿಗೆ ಪೂರ್ತಿ ತಿಳಿಯಿತು: ಕಸ ಬೇರೆ ಮಾಡಬೇಕು, ಕಡಿಯಬೇಕು, ಗುಂಪಿ ಹಾಕಿ ಮಗುಚಬೇಕು, ಒಣಗಿಸಬೇಕು, ಆಮೇಲೆ ಕುಣಿಗೆ ತುಂಬಬೇಕು. ಎರಡನೇ ಚಿತ್ರ ಬರುವುದಕ್ಕೂ ಮಿರ್ಚಿ ಭಜಿಯ ತಟ್ಟೆ ಬರುವುದಕ್ಕೂ ಸರಿಹೋಯಿತು.

ಭಜಿಯೊಳಗಿನ ಕಾಯಿ ಬ್ಯಾಡಗಿ ಮೆಣಸಿನಕಾಯಿಯಂತೆ ಬಣ್ಣಕ್ಕಾಗಿ ಬೆಳೆದದ್ದಲ್ಲ. ಹಲ್ಲು ತಾಗಿದ ಕೂಡಲೇ ಖಾರ ಕಿವಿಗೆ ಏರಿತು. ಕಿವಿ ಮುಚ್ಚಿತು, ಕಣ್ಣು ತುಂಬಿತು. ತುಂಬಿದ ಕಣ್ಣಿಗೆ ಗೋಡೆಯ ಮೇಲೆ ಒಂದು ಕುಣಿ, ಕುಣಿಯ ಮೇಲೊಂದು ಪೈಪು, ಪೈಪಿನ ಬಾಯಿಗೆ ಉರಿ ಕಂಡವು. ಉರಿಯ ಮೇಲೆ ಅಡ್ಡಡ್ಡ ಎಳೆದ ದಪ್ಪ ಕೆಂಪು ಗೆರೆಗಳೂ ಇದ್ದವು. ಅವು ಮೆಣಸಿನಕಾಯಿಯ ಮಹಿಮೆ ಎಂದುಕೊಂಡ. ನೀರು ಕೇಳಲು ಕೈ ಎತ್ತಿದ.

"ಭಾಳ ಚಲೋ ಆತು," ಎಂದಳು ಅರುಣಾ ಮೇಡಂ. "ಪರೀಕ್ಷೆಗೆ ಯಾರ ಊರಾಗ ಕುಣಿ ಕೊಡ್ತೀರಿ ಅಂತ ಕೇಳೂದ್ರಾಗ ಕೈ ಎತ್ತಿದ್ರಿ. ಬಾಯಿ ಮುಚ್ಚೂವಂಥ ಕುಣಿ ಅದ ಏನ್ರಿ?"

ಬಾಯಿ ಮುಚ್ಚಲಾಗದ ಸ್ಥಿತಿಯಲ್ಲಿದ್ದ ಅಮೋಘಸಿದ್ದಪ್ಪ ಉಸ್ಸುಸ್ಸೆನ್ನುತ್ತ ಹೇಳಿದ: "ಹಗೇವು... ಐತ್ರಿ."

ಸಭೆ ಚಪ್ಪಾಳೆ ತಟ್ಟಿತು. ಕಿವಿ ತೆರೆಯುವ ಹೊತ್ತಿಗೆ ಮೇಡಂ ಕೊನೆಯ ಮಾತಿಗೆ ಬಂದಿದ್ದಳು: ಪರೀಕ್ಷೆ ಪಾಸಾದರೆ ಐದು ಊರಿನ ಕಸದ ಕೆಲಸ ಕೆಂಚವ್ವನ ಸಂಘಕ್ಕೇ ಖಾಯಂ, ಫೇಲಾದರೆ ಕಸ ಲಾರಿ ಹತ್ತಿ ದೂರ ಹೋಗುತ್ತದೆ, ಐವರ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ.

ವಿವರದ ಕಾಗದವನ್ನೂ ಕೊಟ್ಟರು. ಅಮೋಘಸಿದ್ದಪ್ಪ ಅದರಲ್ಲಿ ಉಳಿದ ಎರಡು ಭಜಿ ಕಟ್ಟಿಕೊಂಡು ಬಂದ. ಹೆಂಡತಿಯ ಮೇಲಿನ ಪ್ರೀತಿ. ಮನೆಗೆ ಬಂದು ಬಿಚ್ಚಿದಾಗ ಕಾಗದದ ಮೇಲಿನ ಅರ್ಧದಲ್ಲಿ ಕಸ ಹದ ಮಾಡುವ ರೀತಿ ಓದುವಂತಿತ್ತು. 'ಪರೀಕ್ಷೆಯ ಉದ್ದೇಶ' ಎಂಬಲ್ಲಿಂದ ಕೆಳಗೆ ಎಣ್ಣೆ.

"ಗ್ಯಾಸ್ ಬರತೈತಿ," ಎಂದ ಅವನು ಎಣ್ಣೆಯ ಭಾಗವನ್ನು ಓದಿದವನಂತೆ. "ಗ್ಯಾಸ್ ಬಂದ್ರ ನೀವು ಐದೂ ಮಂದಿ ಖಾಯಂ."

"ಬರಲಿಲ್ಲಂದ್ರ?" ಕೇಳಿದಳು ಕೆಂಚವ್ವ.

"ಬರಲಾರದ ಎಲ್ಲಿ ಹೊಕ್ಕೈತಿ? ಉರಿಯೂದು ಕಣ್ಣಾರೆ ಕಂಡೇನಿ, ಗ್ವಾಡಿ ಮ್ಯಾಲ."

ಸುದ್ದಿ ಅಕ್ಬರಸಾಬನ ಚಹಾದ ಅಂಗಡಿಗೆ ಮುಟ್ಟಿತು. ಮುಟ್ಟಿತೇನು, ಅಮೋಘಸಿದ್ದಪ್ಪನೇ ಹೊತ್ತುಕೊಂಡು ಹೋಗಿ ಇಳಿಸಿದ.

"ಸಿದ್ದಣ್ಣಾ, ಕಸಾ ಊರ ಮಂದೀದು. ಮೊದಲನೇ ಪೈಪ್ ಯಾರಿಗಿ?" ಅಕ್ಬರಸಾಬ ಚಹಾ ಸೋಸುತ್ತ ಕೇಳಿದ.

"ನಿನ್ನ ಕಡಾಯಿ ಬುಡಕ್ಕ, ಸಾಬಾ. ಮಾತಂದ್ರ ಮಾತು."

ಅವತ್ತಿನಿಂದ ಅವನ ಚಹಾಕ್ಕೆ ಸಕ್ಕರೆ ಹೆಚ್ಚಾಯಿತು. ಊರಿಗೂ ಕಸದ ಮೇಲೆ ಅಭಿಮಾನ ಹುಟ್ಟಿತು. ನಿನ್ನೆಯತನಕ ಗಟಾರಕ್ಕೆ ಎಸೆಯುತ್ತಿದ್ದವರು ಬುಟ್ಟಿಯನ್ನು ಕೈಯಾರೆ ತಂದು ಕೆಂಚವ್ವನ ಗಾಡಿಗೆ ಸುರಿದು, "ಇದು ನಮ್ಮನೀದು, ನೆಪ್ಪಿಡು ಯವ್ವಾ" ಎಂದು ಹೇಳಿಹೋಗತೊಡಗಿದರು. ಉಳ್ಳಾಗಡ್ಡಿ ಸಿಪ್ಪೆ ಜಾಸ್ತಿ ಕೊಟ್ಟವರು ದಪ್ಪ ಪೈಪು ಕೇಳಿದರು. ಅಮೋಘಸಿದ್ದಪ್ಪ ಯಾರಿಗೂ ಇಲ್ಲ ಎನ್ನಲಿಲ್ಲ. ಎರಡೇ ದಿನದಲ್ಲಿ ಯರಿಮಡ್ಡಿಯ ಎಲ್ಲ ಮನೆಗಳಿಗೂ, ಊರಾಚೆಯ ಒಂದು ಮಠಕ್ಕೂ ಬಾಯಿಮಾತಿನಲ್ಲಿ ಪೈಪು ಎಳೆದು ಮುಗಿಸಿದ.

ಇನ್ನು ಹಗೇವಿನ ವಿಷಯ. ಎರೆಮಣ್ಣಿನ ನೆಲದಲ್ಲಿ ಹಿಂದಿನವರು ಜೋಳ ಕಾಯಲು ತೋಡುತ್ತಿದ್ದ ನೆಲದೊಳಗಿನ ಕಣಜ ಅದು. ಕುತ್ತಿಗೆ ಸಣ್ಣದು, ಹೊಟ್ಟೆ ದೊಡ್ಡದು, ಬಾಯಿಗೆ ಕಲ್ಲಿನ ಮುಚ್ಚಳ. ಅಮೋಘಸಿದ್ದಪ್ಪನ ಹಿತ್ತಿಲ ಬಣವೆಯ ಹಿಂದಿನ ಹಗೇವು ಮೂವತ್ತು ವರ್ಷದಿಂದ ಕಾಳು ಕಂಡಿರಲಿಲ್ಲ. ಊರಲ್ಲಿ ಹಗೇವು ತುಂಬಿ ಮುಚ್ಚಿದ ಕೈ ಈಗ ಉಳಿದದ್ದು ಒಂದೇ: ಅವನ ತಾಯಿ ಮರೆವ್ವನದು. ಹಗೇವು ತೆರೆಯುತ್ತಾರೆಂದು ತಿಳಿದ ಮುದುಕಿ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು.

"ಹಸೀದು ಇಳಿಸೂದು ನನ್ನ ಹಗೇದಾಗ ನಡ್ಯೂದಿಲ್ಲ," ಎಂದು ಅಪ್ಪಣೆ ಮಾಡಿದಳು.

ಕಾಗದದ ಮೇಲರ್ಧಕ್ಕೂ ಮರೆವ್ವನ ಮಾತಿಗೂ ಬಲು ಚೆನ್ನಾಗಿ ಹೊಂದಿತು. ಐವರು ಹೆಂಗಸರು ಪ್ಲಾಸ್ಟಿಕ್ ಆರಿಸಿ ಬಿಸುಟರು, ಕಸ ಕಡಿದರು, ಗುಂಪಿ ಹಾಕಿದರು, ಕಾವು ಏರಿ ಇಳಿಯುವತನಕ ವಾರಗಟ್ಟಲೆ ಮಗುಚಿದರು, ಮತ್ತೆ ಕಣದಲ್ಲಿ ಹರವಿದರು. ಮೇಡಂ ಹೇಳಿದ್ದು ಅಲ್ಲಿಗೆ ಮುಗಿಯಿತು. ಮರೆವ್ವನದು ಅಲ್ಲಿಂದ ಶುರುವಾಯಿತು. ಕಸವನ್ನು ಗಾಳಿಗೆ ತೂರಿಸಿದಳು, ಜರಡಿ ಹಿಡಿಸಿದಳು. ಒಂದು ಬದನೆಕಾಯಿಯ ತೊಟ್ಟು ಎತ್ತಿ, ಬಾಯಲ್ಲಿ ಉಳಿದಿದ್ದ ಮೂರು ಹಲ್ಲಿನ ನಡುವೆ ಇಟ್ಟು ಕಡಿದಳು.

"ಅತ್ತೀ! ಅದು ಕಸಾ ಬೇ!" ಕೆಂಚವ್ವ ಚೀರಿದಳು.

"ಹಗೇಕ್ಕ ಇಳಿಯೂದು ಯಾವದೂ ಕಸಾ ಅಲ್ಲ. ಕಟ್ ಅನಲಿಲ್ಲ ನೋಡು. ಇನ್ನಾ ಎರಡು ಬಿಸಲು ಕೊಡ್ರಿ."

ಎರಡು ಬಿಸಿಲಿನ ಮೇಲೆ ತೊಟ್ಟು ಕಟ್ ಎಂದಿತು. ಹಗೇವಿನ ತಳಕ್ಕೆ ಒಣಹುಲ್ಲು, ಗೋಡೆಗುಂಟ ಬೇವಿನೆಲೆ, ನಡುನಡುವೆ ಹುಳ ಹತ್ತದಂತೆ ಬೂದಿ. ಬಿತ್ತನೆಯ ಜೋಳಕ್ಕೂ ಇಂಥ ಉಪಚಾರ ಆದದ್ದಿಲ್ಲ. ನಟ್ಟನಡುವೆ ಮೇಡಂ ಕಳಿಸಿದ್ದ ಪೈಪು ನಿಲ್ಲಿಸಿ, ಕಲ್ಲು ಮುಚ್ಚಿ, ಸಂದಿಗೆ ಕೆಸರು ಮೆತ್ತಿದರು. ಮರೆವ್ವ ಕೈ ತೊಳೆದುಕೊಂಡು, "ಹತ್ತು ವರ್ಷ ಬಿಟ್ಟು ತಗದ್ರೂ ಇದ್ದಂಗ ಇರತೈತಿ" ಎಂದು ಸಾರಿದಳು. ಅಮೋಘಸಿದ್ದಪ್ಪ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದ.

ಎಂಟನೇ ದಿನಕ್ಕೆ ಅಂಗಡಿಯ ಮಂದಿಯನ್ನು ಕರೆತಂದು, ಪೈಪಿನ ತಿರುಪು ತೆಗೆದು ಕಡ್ಡಿ ಗೀರಿದ. ಕಡ್ಡಿ ಉರಿಯಿತು, ಬೆರಳು ಉರಿಯಿತು. ಪೈಪು ಉರಿಯಲಿಲ್ಲ.

"ಇನ್ನಾ ಹಸುಗೂಸು," ಎಂದ.

ತಿಂಗಳಿಗೆ ಕಡ್ಡಿಪೆಟ್ಟಿಗೆ ನಾಲ್ಕಾದವು. ಕೊನೆಗೆ ಪೈಪಿಗೆ ಕಿವಿ ಹಚ್ಚಿ, "ಸುಯ್ ಅನ್ನಾಕ್ಹತ್ತೈತಿ, ಕೇಳ್ರಿ" ಎಂದು ಅಕ್ಬರಸಾಬನನ್ನು ಬಗ್ಗಿಸಿದ. ಅಕ್ಬರಸಾಬ ಬಹಳ ಹೊತ್ತು ಕೇಳಿ, "ಸಿದ್ದಣ್ಣಾ, ಅದು ನಿನ್ನ ಮೂಗಿಂದು" ಎಂದ. ಮರುದಿನ ಚಹಾದ ಸಕ್ಕರೆ ಕಡಿಮೆಯಾಯಿತು.

ಅಷ್ಟರಲ್ಲಿ ಅರುಣಾ ಮೇಡಂ ಮೂರು ವಾರಕ್ಕೆ ಬರುವಳೆಂಬ ಫೋನು. ಕೆಂಚವ್ವ ಗಾಡಿ ತೊಳೆಯುತ್ತಿದ್ದವಳು ಬಕೀಟು ಕೆಳಗಿಟ್ಟಳು.

"ನೋಡ್ರಿ, ನಾವು ಐದು ಮಂದಿ ಹೊಟ್ಟಿ ಅದರಾಗೈತಿ. ಕಣ್ಣಾರೆ ಕಂಡೇನಿ ಅಂದ್ರಿ. ನಾ ನಂಬೀನಿ."

ಬೈದಿದ್ದರೆ ಅಮೋಘಸಿದ್ದಪ್ಪನಿಗೆ ಅಭ್ಯಾಸವಿತ್ತು. 'ನಂಬೀನಿ' ಎಂದದ್ದಕ್ಕೆ ಅಭ್ಯಾಸವಿರಲಿಲ್ಲ.

ಆ ಸಂಜೆ ಕೆಂಚವ್ವ ಹಾಲಿಗೆ ಹೆಪ್ಪು ಹಾಕುವುದು ಅವನ ಕಣ್ಣಿಗೆ ಬಿತ್ತು. ಒಂದು ಚಮಚ ಮಜ್ಜಿಗೆ, ಗಡಿಗೆ ತುಂಬ ಮೊಸರು! ಹಗೇವಿಗೆ ಹೆಪ್ಪೇ ಹಾಕಿಲ್ಲವಲ್ಲ! ಸಗಣಿಯಿಂದ ಗ್ಯಾಸು ಬರುವುದು ಲೋಕಕ್ಕೆಲ್ಲ ಗೊತ್ತು, ಎರಡು ಎಮ್ಮೆಗಳಂತೂ ಬಾಗಿಲಲ್ಲೇ ಇವೆ. ಹಳೆಯ ಧೋತರದಲ್ಲಿ ಸಗಣಿನೀರು ತೆಳ್ಳಗೆ ಸೋಸಿ, ತಂಬಿಗೆಗಟ್ಟಲೆ ಪೈಪಿಗೆ ಸುರಿದರೆ ಆಯಿತು. ಕೊಡ ಹೊತ್ತರೆ ನಾಲ್ಕು ಜನ ಕೇಳುತ್ತಾರೆ. ತಂಬಿಗೆ ಹಿಡಿದು ಹಿತ್ತಿಲಿಗೆ ಹೋಗುವವನನ್ನು ಯಾರು ಕೇಳುತ್ತಾರೆ?

ಶಮೀಮಾಬಿ ಕೇಳಿದಳು. ಅಕ್ಬರಸಾಬನ ಹೆಂಡತಿ, ಅವಳ ಹಿಂಬಾಗಿಲು ಬಣವೆಯ ಎದುರಿಗೇ ಇತ್ತು. ಅಮೋಘಸಿದ್ದಪ್ಪ ತಂಬಿಗೆಗೆ ಟವೆಲು ಮುಚ್ಚಿ, ಮುಖ ಬಿಗಿದು, ಚೆಲ್ಲದಂತೆ ಸಣ್ಣಸಣ್ಣ ಹೆಜ್ಜೆಯಲ್ಲಿ ಓಡುವುದನ್ನೂ, ಹಗುರಾಗಿ ಹಿಂದಿರುಗುವುದನ್ನೂ ಬೆಳಗಿನಿಂದ ಆರು ಸಲ ಕಂಡಿದ್ದಳು.

"ಅಣ್ಣಾರ, ಹೊಟ್ಟಿ ಕೆಟ್ಟೈತೇನ್ರಿ?"

ಅಮೋಘಸಿದ್ದಪ್ಪ ದಾರಿ ಕಂಡವನಂತೆ ಹೇಳಿಬಿಟ್ಟ: "ಹೌದ್ರಿ ಅಕ್ಕಾರ, ಅಗದೀ."

"ಮನ್ಯಾಗ ಸಂಡಾಸ ಐತಲ್ರಿ?"

"ಇದಕ್ಕ ಬಯಲು ಗಾಳಿ ಬೇಕ್ರಿ."

ಮಧ್ಯಾಹ್ನಕ್ಕೆ ಊರೆಲ್ಲ ಸುದ್ದಿ. ಶಮೀಮಾಬಿ ಓಂಕಾಳು, ಕರಿ ಉಪ್ಪು ಅರೆದು ತಂದಳು. ತಾನು ನೋಡುತ್ತಿದ್ದಂತೆ ನುಂಗಬೇಕು. ಮರೆವ್ವ ದಾಳಿಂಬೆ ಸಿಪ್ಪೆಯ ಕಷಾಯ ಕಾಸಿದಳು. ಅಕ್ಬರಸಾಬ ಹಾಲಿನ ಚಹಾ ಬಂದ್ ಮಾಡಿ ನಿಂಬೆಹಣ್ಣಿನ ಕರಿ ಚಹಾ ಕೊಡತೊಡಗಿದ. ನಾಲ್ಕನೇ ದಿನ ಆಶಾ ಕಾರ್ಯಕರ್ತೆ ಅನ್ನಪೂರ್ಣಾ ದಪ್ಪ ಪುಸ್ತಕ ಹಿಡಿದು ಮನೆಗೇ ಬಂದಳು.

"ನಿನ್ನೆ ಎಷ್ಟ ಸಲಾ ಹೋಗೀರಿ ಕಾಕಾ?"

"ಏಳು."

"ಬಣ್ಣಾ?"

ಅಮೋಘಸಿದ್ದಪ್ಪ ತಂಬಿಗೆಯೊಳಗಿನದನ್ನು ನೆನೆದು ಪ್ರಾಮಾಣಿಕವಾಗಿ ಹೇಳಿದ: "ಹಸರು."

ಅನ್ನಪೂರ್ಣಾ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅಂದಿನಿಂದ ಅವನಿಗೆ ಗಂಜಿ ಮಾತ್ರ. ರೊಟ್ಟಿ ಇಲ್ಲ, ಪಲ್ಯ ಇಲ್ಲ, ಖಾರ ಇಲ್ಲ. ಹೊಟ್ಟೆ ಕಟ್ಟುವ ಔಷಧವನ್ನು ದಿನಕ್ಕೆ ನಾಲ್ಕು ಮನೆಯವರು ಎದುರು ನಿಂತು ಕುಡಿಸಿದರು. ಗಟ್ಟಿಮುಟ್ಟಾದ ಒಂದು ಹೊಟ್ಟೆಗೆ ಎರಡು ವಾರ ಇಷ್ಟೆಲ್ಲ ಸುರಿದರೆ ಏನಾದೀತು? ಕಟ್ಟಿತು. ಕಟ್ಟಿದ್ದು ಬಿಡಲಿಲ್ಲ. ಆದರೂ ಊರಿನ ಕಣ್ಣಿಗಾಗಿ ಅವನು ದಿನಕ್ಕೆ ಏಳು ಸಲ ತಂಬಿಗೆ ಹಿಡಿದು ಓಡುತ್ತಲೇ ಇದ್ದ.

ಮೇಡಂ ಬರುವ ದಿನ ಹಿತ್ತಿಲು ತುಂಬಿತ್ತು. ಅಕ್ಬರಸಾಬ ಕಡಾಯಿ, ಕಲಸಿದ ಹಿಟ್ಟು ಸಮೇತ ಬಂದು ಪೈಪಿನ ಪಕ್ಕದಲ್ಲೇ ನಿಂತಿದ್ದ. ಅರುಣಾ ಮೇಡಂ ಅಂಗೈಯಗಲದ ಒಂದು ಯಂತ್ರವನ್ನು ಪೈಪಿನ ಬಾಯಿಗೆ ಹಿಡಿದಳು. ಯಂತ್ರ ಕುಂಯ್ ಎಂದಿತು. ಅಂಕಿ ಏರಿತು, ಏರುತ್ತಲೇ ಹೋಯಿತು.

"ಬಂತೂ!" ಅಮೋಘಸಿದ್ದಪ್ಪ ನೆಲ ಬಿಟ್ಟು ಹಾರಿದ. "ನಾ ಹೇಳಲಿಲ್ಲೇನ? ಸಾಬಾ, ಕಡಾಯಿ ತಾ!"

ಊರು ಚಪ್ಪಾಳೆ ತಟ್ಟಿತು. ಕೆಂಚವ್ವನ ಸಂಗಡಿಗರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅರುಣಾ ಮೇಡಂ ಮಾತ್ರ ಕಡಾಯಿಯನ್ನು ದೂರ ಸರಿಸಿ, ಪೈಪಿನ ತಿರುಪು ಬಿಗಿದು, ಸಪ್ಪೆ ಮುಖ ಮಾಡಿ ನಿಂತಳು.

"ಇದು ಬರಬಾರದಿತ್ತು," ಎಂದಳು.

"ಆಂ?" ಎಂದಿತು ಊರು.

"ಹಸಿ ಕಸಾ ಹೂಳಿದ್ರ ಒಳಗ ಕೊಳತು ಗ್ಯಾಸ್ ಹುಟ್ತದ, ಒಂದು ದಿನ ಬೆಂಕಿ ಹತ್ತತದ. ಮೊದಲ ಹದಾ ಮಾಡಿ ಹೂಳಿದ್ರ ಗ್ಯಾಸ್ ಹುಟ್ಟೂದಿಲ್ಲ, ಊರ ಬಾಜೂಕ ಹೂಳಿದ್ರೂ ಹೆದರಿಕಿ ಇಲ್ಲ. ಅದನ್ನ ತೋರಿಸ್ಲಿಕ್ಕೇ ಈ ಪರೀಕ್ಷೆ. ಮೀಟಿಂಗಿನ್ಯಾಗ ಚಿತ್ರಾ ತೋರಿಸಿ ಹೇಳೀನಲ್ರಿ! ಕೆಂಚವ್ವಾರ, ನೀವು ಹದಾ ಮಾಡದ ಹಸೀದ ತುಂಬೀರಿ. ನಾ ಫೇಲ್ ಅಂತ ಬರೀಬೇಕಾಗ್ತದ."

"ಯಾವಾಕಿ ಹಸೀದು ಅಂದಾಕಿ?" ಮರೆವ್ವ ಮುಂದೆ ನುಗ್ಗಿದಳು. "ನಾ ಹಲ್ಲಿಲೆ ಕಡದು ನೋಡೀನಿ!"

ಕೆಂಚವ್ವ ಗಂಡನನ್ನು ನೋಡಿದಳು. ಊರಿನ ಉಳಿದ ಕಣ್ಣುಗಳು ಅವಳನ್ನು ನೋಡುತ್ತಿದ್ದವು, 'ಕಸಾ ಹದಾ ಮಾಡಾಕೂ ಬರಲಿಲ್ಲ' ಎನ್ನುವಂತೆ. ಅಮೋಘಸಿದ್ದಪ್ಪನ ಬಾಯಿ ಹುಟ್ಟಿದಂದಿನಿಂದ ಮೊದಲ ಸಲ ಒಣಗಿತ್ತು.

"ಮೇಡಮ್ಮಾರ, ಅವ್ರದೇನೂ ತಪ್ಪಿಲ್ರಿ," ಎಂದ. "ನಾ ಸಗಣಿನೀರು ಸುರುವೀನ್ರಿ. ಗ್ಯಾಸ್ ಬರಲೆಂತ. ತಂಬಿಗೀಲೆ. ದಿನಾ ಏಳು ಸಲಾ."

ಶಮೀಮಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಣ್ತಿ ಸಲುವಾಗಿ ಹೆಂಗ ತಪ್ಪು ಮೈಮ್ಯಾಲ ಎಳಕೊಳ್ಳಾಕ್ಹತ್ಯಾರ ನೋಡ್ರಿ ಪಾಪ! ಮೇಡಂ, ಸುಳ್ಳರಿ ಅದು. ಅವ್ರಿಗಿ ಹೊಟ್ಟಿ ಕೆಟ್ಟಿತ್ತು. ತಂಬಿಗಿ ತಗೊಂಡು ಓಡೂದು ನಾನ ನೋಡೀನಿ."

"ನನ್ನ ಪುಸ್ತಕದಾಗೂ ಐತ್ರಿ," ಅನ್ನಪೂರ್ಣಾ ಪುಟ ಬಿಚ್ಚಿದಳು. "ಏಳು ಸಲಾ. ಹಸರು."

"ಸಗಣಿ ಅದು! ಸಗಣಿ ಹಸರ ಇರತೈತಿ!" ಅಮೋಘಸಿದ್ದಪ್ಪ ಕೂಗಿದ.

"ಇಂಥಾ ಗಂಡ ಸಿಗಾಕ ಪುಣ್ಯಾ ಮಾಡಿರಬೇಕು," ಎಂದು ಅಕ್ಬರಸಾಬ ಅವನ ಬೆನ್ನು ಸವರಿದ. ಜೀವನವಿಡೀ ಅವನು ಹೇಳಿದ ಗಾಳಿಮಾತನ್ನೆಲ್ಲ ನಂಬಿದ್ದ ಊರು, ಹೇಳಿದ ಒಂದೇ ಒಂದು ಸತ್ಯವನ್ನು ನಂಬದೆ ಹಟ ಹಿಡಿದು ನಿಂತಿತು.

ಅಮೋಘಸಿದ್ದಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಮೇಡಂ ಇದ್ದಳು, ಹೆಂಗಸರಿದ್ದರು, ಮಠದ ಕಡೆಯವರೂ ಪೈಪು ನೋಡಲು ಬಂದಿದ್ದರು. ಎಲ್ಲರ ನಡುವೆ ನಿಂತು ಗಂಟಲು ಹರಿಯುವಂತೆ ಒದರಿದ:

"ನನ್ನ ಹೊಟ್ಟಿ ಕೆಟ್ಟಿಲ್ರ್ಯೋ! ಎರಡು ವಾರಾತು, ಕಟ್ಟಿ ಕುಂತೈತಿ! ಒಮ್ಮಿನೂ ಹೋಗಿಲ್ಲಾ!"

ಬಣವೆಯ ಮೇಲಿನ ಕಾಗೆಗಳು ಹಾರಿಹೋದವು.

"ಅದೊಂದು ಖರೆ ಐತ್ರಿ," ಎಂದಳು ಕೆಂಚವ್ವ ಮೆಲ್ಲಗೆ. "ಅದಕ್ಕ ನಾನ ಸಾಕ್ಷಿ."

ಅರುಣಾ ಮೇಡಂ ನಗು ತಡೆಯಲು ಯಂತ್ರದ ಕಡೆ ತಿರುಗಿದಳು. ಹಗೇವು ತೆಗೆದೇ ನೋಡೋಣ ಎಂದಳು. ಮರೆವ್ವ ಅಂದೇ ಇಳಿಯಗೊಡಲಿಲ್ಲ; ಮುಚ್ಚಳ ಸರಿಸಿ, ಒಂದು ದಿನ ಹಗೇವು ಉಸಿರು ಬಿಡಲಿ, ಅಲ್ಲಿತನಕ ಬೀಡಿ ಹಚ್ಚಿಕೊಂಡು ಯಾವನೂ ಇತ್ತ ಸುಳಿಯಬಾರದು ಎಂದು ತಾನೇ ಬಡಿಗೆ ಹಿಡಿದು ಕೂತಳು. ಮರುದಿನ ಮೇಲಿನಿಂದಲೇ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಎಳೆದು ನೋಡಿದರು. ಪೈಪಿನ ಸುತ್ತ ಹಸಿರು ರಾಡಿ. ಅದರಾಚೆ, ಗೋಡೆಯತನಕ, ಕಸ ಇಳಿಸಿದ ದಿನದಂತೆಯೇ ಒಣಒಣ, ಬೇವಿನೆಲೆಯ ವಾಸನೆ ಸಹಿತ. ಮೇಡಂ ಒಂದು ಹಿಡಿ ಎತ್ತಿ ತಿಕ್ಕಿದಳು. ಬೆರಳ ಸಂದಿಯಿಂದ ಪುಡಿಯಾಗಿ ಉದುರಿತು.

"ನಾ ಇಷ್ಟು ವರ್ಷದಾಗ ಇಂಥಾ ಹದಾ ನೋಡಿಲ್ಲ," ಎಂದಳು.

"ಕಡದು ನೋಡ ತಂಗೀ," ಎಂದು ಮರೆವ್ವ ಒಂದು ತೊಟ್ಟು ಮುಂದೆ ಹಿಡಿದಳು. ಮೇಡಂ ಕೈಮುಗಿದು ಬೇಡವೆಂದಳು.

ತೀರ್ಪು ಹೀಗಾಯಿತು: ರಾಡಿ ತೆಗೆದು, ಒಣಗಿಸಿ ಮತ್ತೆ ತುಂಬಬೇಕು, ಎರಡು ತಿಂಗಳಿಗೆ ಮರುಪರೀಕ್ಷೆ. ರಾಡಿ ತೆಗೆಯುವವನು ಯಾರೆಂದು ಸಂಘದ ಹೆಂಗಸರು ಚರ್ಚೆ ಮಾಡಲೇ ಇಲ್ಲ. ಅಮೋಘಸಿದ್ದಪ್ಪ ಉರಿಬಿಸಿಲಲ್ಲಿ ಕಣದ ತುಂಬ ಸಗಣಿಗಸ ಹರವಿ, ಅದನ್ನು ಮಗುಚುತ್ತ, ಪ್ರತಿ ಸಂಜೆ ತಾಯಿಯ ಹಲ್ಲಿನ ಅಪ್ಪಣೆ ಕಾಯುತ್ತ ನಿಂತ. ಹಾದುಹೋಗುವವರೆಲ್ಲ, "ಹೊಟ್ಟಿ ಹೆಂಗೈತಿ ಸಿದ್ದಣ್ಣಾ?" ಎಂದು ತಪ್ಪದೆ ವಿಚಾರಿಸಿದರು.

ಮರುಪರೀಕ್ಷೆಯ ದಿನ ಯಾರೂ ಕಡಾಯಿ ತರಲಿಲ್ಲ. ಮೇಡಂ ಯಂತ್ರ ಹಿಡಿದಳು. ಯಂತ್ರ ಸುಮ್ಮನಿತ್ತು. ಅಮೋಘಸಿದ್ದಪ್ಪ ಕಣ್ಣು ಮುಚ್ಚಿ, ಬರಬೇಡವೋ ತಂದೆ, ಬರಬೇಡ ಎಂದು ಬೀರಪ್ಪನಿಗೆ ಹರಕೆ ಹೊತ್ತ.

"ಏನೂ ಇಲ್ಲ!" ಎಂದು ಮೇಡಂ ಕೂಗಿದಳು.

ಏನೂ ಇಲ್ಲದ್ದಕ್ಕೆ ಯರಿಮಡ್ಡಿ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಹಿಂದೆಂದೂ ಇಲ್ಲ. ಐದು ಊರಿನ ಕೆಲಸದ ಕಾಗದ ಅಲ್ಲೇ ಹೊರಬಂತು. ಕೆಂಚವ್ವ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಪೆನ್ನು ಹಿಡಿದಳು.

"ಗಂಡನ ಹೆಸರು ಹೇಳ್ರಿ, ಬರಕೋತೀನಿ," ಎಂದಳು ಮೇಡಂ.

ಕೆಂಚವ್ವ ಪೆನ್ನಿನ ತುದಿ ನೋಡಿದಳು. ಗಂಡನ ಹೆಸರನ್ನು ಬರಿದೇ ಬಾಯಿಂದ ಆಡುವುದುಂಟೇ? ಸಂಗಡಿಗರಿಗೆ ಅಷ್ಟೇ ಸಾಕಾಯಿತು.

"ಹಂಗ ಹೇಳೂದಿಲ್ರಿ ಮೇಡಂ! ಒಡಪು ಹಾಕಿ, ಪ್ರಾಸದಾಗ ಹೆಸರು ಕೂಡಿಸಿ ಹೇಳಬೇಕು. ಹೇಳ ಕೆಂಚಕ್ಕಾ! ಹೇಳಲಾರದ ಬಿಡೂದಿಲ್ಲ!"

ಕೆಂಚವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹಗೇವಿನ ಕಡೆ ನೋಡಿದಳು, ಬಣವೆಯ ಮರೆಗೆ ಸರಿಯುತ್ತಿದ್ದ ಗಂಡನ ಕಡೆ ನೋಡಿದಳು. ಆಮೇಲೆ ತಡೆಯಿಲ್ಲದೆ ಶುರುಮಾಡಿದಳು:

"ಹದಾ ಮಾಡಿ ತುಂಬಿದೆ ಹಗೇದಾಗ ಕಸಾ,
ಕದ್ದು ಕದ್ದು ಸುರುವ್ಯಾರ ಸಗಣಿಯ ರಸಾ,
ನಾಕ ಮಂದ್ಯಾಗ ನಿಂತು ಖರೆ ಹೇಳ್ಯಾರ ಈ ವರಸಾ,
ಅಮೋಘಸಿದ್ದಪ್ಪ ಅಂತ ಬರಕೋರಿ, ಸಾವಕಾಸಾ!"

ಹಿತ್ತಿಲಿಗೆ ಹಿತ್ತಿಲೇ ಹೋ ಎಂದು ನಕ್ಕಿತು. ಬಣವೆಯ ಹಿಂದೆ ಅಮೋಘಸಿದ್ದಪ್ಪ ಮಾತ್ರ ನಗಲಿಲ್ಲ. ಮದುವೆಯ ಚಪ್ಪರದಲ್ಲಿ ಒಮ್ಮೆ ಹೇಳಿದ್ದಳು. ಆಮೇಲೆ ಇಪ್ಪತ್ತೆರಡು ವರ್ಷಕ್ಕೆ ಇವತ್ತು ಅವಳ ಬಾಯಲ್ಲಿ ಅವನ ಹೆಸರು. ಹೆಸರಿಗೆ ಮೊದಲು ಸಗಣಿ ಇದ್ದರೂ ಇರಲಿ, ಕೇಳಲು ಎಷ್ಟು ಸೊಗಸಾಗಿತ್ತೆಂದರೆ, ಇನ್ನೊಮ್ಮೆ ಹೇಳೆಂದು ಕೇಳಲು ಅವನು ಬಣವೆಯಿಂದ ಅರ್ಧ ಮುಖ ಹೊರಗೆ ಹಾಕಿಯೇಬಿಟ್ಟ.